ಗುಮಾಸ್ತರು ಕೆಮ್ಮಿದ ಜಾಗಗಳು

ಸೆಪ್ಟೆಂಬರ್ 2, ಸೋಮವಾರ

ರೈಲಿನವರ ಪರಿಹಾರ ಕಚೇರಿಯಿಂದ ಕಾಗದ ಬಂತು. ಮೂರು ಸಲ ಓದಿದೆ. ಮೂರನೆಯ ಸಲ ಅಂಗಡಿಯಿಂದ ತಂದ ಭೂತಗನ್ನಡಿ ಹಿಡಿದು ಓದಿದೆ. ಕನ್ನಡಕದ ಅಂಗಡಿಯಲ್ಲಿ ಮೂವತ್ತು ವರ್ಷ ಗಾಜು ಉಜ್ಜಿದವಳಿಗೆ ಕಣ್ಣಿನ ತೊಂದರೆಯೇನೂ ಇಲ್ಲ. ಕಾಗದವೇ ಹಾಗಿದೆ.

ಸಾರಾಂಶ ಇಷ್ಟು. ನಮ್ಮ ಮನೆಯ ಹಿಂದೆ ಕಂಬಗಳ ಮೇಲೆ ಹೊಸದಾಗಿ ಓಡುತ್ತಿರುವ ರೈಲಿನ ಸದ್ದಿಗೂ ನಡುಕಕ್ಕೂ ಪರಿಹಾರ ಕೊಡುತ್ತಾರೆ. ಇಲ್ಲೇ ಇರುತ್ತೇವೆ ಎಂದವರಿಗೆ ಸದ್ದು ತಡೆಯುವ ಕಿಟಕಿ ಹಾಕಿಸಿ, ಗೋಡೆಯ ಬಿರುಕು ಮುಚ್ಚಿಸಿ ಕೊಡುತ್ತಾರೆ. ಬೇಡ ಎಂದವರ ಮನೆಯನ್ನು ತಾವೇ ತೆಗೆದುಕೊಂಡು ಊರಾಚೆ ಎಲ್ಲೋ ಬೇರೆ ಮನೆ ಕೊಡುತ್ತಾರೆ. ಮನೆ ನಂಬರು 88ರಲ್ಲಿ ಎರಡು ಭಾಗಗಳಿದ್ದು, ಒಂದು ಭಾಗದವರು ಇರುತ್ತೇವೆ ಎಂದಿದ್ದಾರೆ, ಇನ್ನೊಂದು ಭಾಗದವರು ತೆಗೆದುಕೊಳ್ಳಿ ಎಂದಿದ್ದಾರೆ. ಆದ್ದರಿಂದ ಅಕ್ಟೋಬರ್ 15ರಂದು ಸಮಿತಿ ತೀರ್ಮಾನಿಸುತ್ತದೆ. ಇಂಥ ಕಡೆ ಮನೆಯನ್ನು ತೆಗೆದುಕೊಳ್ಳುವುದೇ ರೂಢಿ. ಯಾವ ಭಾಗದವರು ಏನು ಹೇಳಿದರೆಂಬುದು ವೈಯಕ್ತಿಕ ಮಾಹಿತಿಯಾದ್ದರಿಂದ ತಿಳಿಸಲಾಗದು.

ತಿಳಿಸುವುದಕ್ಕೇನಿದೆ ಇದರಲ್ಲಿ. ಇರುವುದೇ ಎರಡು ಭಾಗ. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ತಮ್ಮ. ನಾನು ಹುಟ್ಟಿದ ಮನೆ ಇದು, ಬಿಟ್ಟು ಹೋಗುವ ಮಾತೇ ಇಲ್ಲ. ಅಂದ ಮೇಲೆ ಮನೆ ಕಳೆಯಲು ಹೊರಟವನು ಅವನೇ.

ಅವನನ್ನೇ ಕೇಳೋಣವೆಂದರೆ ನಮಗೆ ಮಾತು ಬಿಟ್ಟು ಆರು ವರ್ಷವಾಯಿತು. ಅಮ್ಮನಿಗೆ ಉಸಿರು ಸಿಕ್ಕಿಕೊಂಡ ದಿನ ಡಾಕ್ಟರನ್ನು ಕರೆತರಲು ಹೋದವನು ಒಂದೂವರೆ ಗಂಟೆ ಬಿಟ್ಟು ಬಂದ. ಕಾಲು ಗಂಟೆಯ ದಾರಿ. ಸಾವಿಗೆ ಬಂದಿದ್ದ ಹನ್ನೊಂದು ಜನರ ಮುಂದೆ ಹೇಳಿದೆ, ಇವನು ಬೇಗ ಬಂದಿದ್ದರೆ ಅಮ್ಮ ಉಳಿಯುತ್ತಿದ್ದಳು ಎಂದು. ತಪ್ಪೇನು ಹೇಳಿದೆ? ಮುಂದಿನ ವಾರ ಎರಡೇ ದಿನದಲ್ಲಿ ನಡುಮನೆಗೆ ಅಡ್ಡ ಗೋಡೆ ಎಬ್ಬಿಸಿಬಿಟ್ಟ. ಅಂಗಡಿಗಳಿಗೆ ಬೋರ್ಡು ಬರೆಯುವವನು, ಗಾರೆ ಕೆಲಸ ಬರಬೇಕಲ್ಲ. ಒಂದೇ ಇಟ್ಟಿಗೆ ದಪ್ಪದ ಗೋಡೆ, ಅದೂ ನನ್ನ ಕಡೆಗೆ ವಾಲಿದೆ. ಹಿತ್ತಿಲ ಕಡೆಯ ಕಿಟಕಿಯ ನಟ್ಟನಡುವೆ ಬಂದು ನಿಂತಿದೆ. ಎಡದ ಕದ ನನ್ನದು, ಬಲದ್ದು ಅವನದು.

ಏಪ್ರಿಲ್‌ನಲ್ಲಿ ಹೇಳಿಕೆ ಬರೆದುಕೊಳ್ಳಲು ಬಂದ ಹೆಂಗಸಿಗೆ ನಾನು ಮುಕ್ಕಾಲು ಗಂಟೆ ಹೇಳಿದೆ. ರೈಲಿನ ಬಗ್ಗೆ ಐದು ನಿಮಿಷ, ಮಿಕ್ಕದ್ದು ಅವನ ಬಗ್ಗೆ. ಸಿಟ್ಟಿನಲ್ಲಿ ಏನೇನು ಅಂದೆನೋ, ಮನಸ್ಸು ಹಗುರಾದದ್ದು ಮಾತ್ರ ನೆನಪಿದೆ. ಪಾಪ, ಅವಳು ಎಲ್ಲವನ್ನೂ ಕಚೇರಿಯ ಭಾಷೆಗೆ ತಿರುಗಿಸಿ ಬರೆದು ಸಹಿ ಹಾಕಿಸಿಕೊಂಡು ಹೋದಳು.

ಸೆಪ್ಟೆಂಬರ್ 5, ಗುರುವಾರ

ಗುರುವಾರ ಅಂಗಡಿಗೆ ಅರ್ಧ ದಿನ ರಜೆ. ಎರಡು ಬಸ್ಸು ಹತ್ತಿ ಪರಿಹಾರ ಕಚೇರಿಗೆ ಹೋದೆ. ಒಂದು ಇಟ್ಟಿಗೆಯ ಆಚೆ ಕೂತವನು ಏನು ಬರೆಸಿದ್ದಾನೆಂದು ತಿಳಿಯಲು ಎರಡು ಬಸ್ಸು.

ಒಂದೇ ಕಟ್ಟಡದಲ್ಲಿರುವವರು ಇನ್ನೊಬ್ಬರ ಹೇಳಿಕೆಯಲ್ಲಿ ತಮ್ಮ ಬಗ್ಗೆ ಇರುವುದನ್ನು ಕೇಳಬಹುದಂತೆ. ಕೇಳಬಹುದು, ಓದುವ ಹಾಗಿಲ್ಲ. ಹಿಂದೆ ಗುಟ್ಟಿನ ಪದಗಳಿಗೆ ಕಪ್ಪು ಮಸಿ ಬಳಿದು ಪ್ರತಿ ಕೊಡುತ್ತಿದ್ದರು. ಯಾರೋ ಪುಣ್ಯಾತ್ಮ ಅದನ್ನು ಬಿಸಿಲಿಗೆ ಹಿಡಿದು ಎಲ್ಲ ಓದಿಬಿಟ್ಟ. ಅಂದಿನಿಂದ ಗುಮಾಸ್ತರು ಗಟ್ಟಿಯಾಗಿ ಓದಿ ಹೇಳುತ್ತಾರೆ. ಗುಟ್ಟನ್ನು ಸುಮ್ಮನೆ ಹಾರಿಸಿದರೆ ಆಚೀಚೆಯ ಮಾತು ಕೂಡಿಕೊಂಡು ಅನರ್ಥವಾಗುತ್ತದೆಂದು ದೂರು ಬಂದದ್ದರಿಂದ, ಹಾರಿಸಿದ ಕಡೆ ಒಂದು ಸದ್ದು ಮಾಡಲೇಬೇಕೆಂದು ಆದೇಶವಾಯಿತು. ಮೊದಲು ಗಂಟೆ ಬಾರಿಸಿದರಂತೆ. ಪಕ್ಕದ ವಿಭಾಗದವರು ಊಟದ ಹೊತ್ತಾಯಿತೆಂದು ಎದ್ದು ಹೋಗತೊಡಗಿದರು. ಈಗ ಕೆಮ್ಮುತ್ತಾರೆ. ಪದಕ್ಕೆ ಸಣ್ಣ ಕೆಮ್ಮು, ವಾಕ್ಯಕ್ಕೆ ದೊಡ್ಡದು.

ಗುಮಾಸ್ತರು ಗೋಡೆಗೆ ಮುಖ ಮಾಡಿ ಕೂತಿದ್ದರು. ನನ್ನ ಮುಖವೂ ವೈಯಕ್ತಿಕ ಮಾಹಿತಿಯಂತೆ, ಅವರು ನೋಡುವ ಹಾಗಿಲ್ಲ. ಫೈಲಿನ ಮೇಲಿನ ಹೆಸರಿಗೂ ಪಟ್ಟಿ ಅಂಟಿಸಿತ್ತು, ಯಾರ ಫೈಲೆಂದು ಅವರಿಗೆ ಗೊತ್ತಾಗಬಾರದು. ಮನೆ 88, ಬಲಭಾಗ ಎಂದೆ. ಬೆನ್ನು ತಿರುಗಿಸಿಕೊಂಡೇ ಕೈ ಚಾಚಿ ಕಪಾಟಿನಿಂದ ತೆಗೆದರು. ದಿನಕ್ಕೆ ಒಂದೇ ಪುಟ. ಗಂಟಲು ತಡೆಯಬೇಕಲ್ಲ.

“ಸದರಿ ಸಹನಿವಾಸಿಯು,” ಸಣ್ಣ ಕೆಮ್ಮು, “ಪ್ರತಿದಿನ ಮುಂಜಾನೆ ಪಾತ್ರೆಗಳನ್ನು ಉದ್ದೇಶಪೂರ್ವಕವಾಗಿ ಕುಕ್ಕುತ್ತಿದ್ದು, ಸದರಿ ಶಬ್ದವು ರೈಲಿನ ಶಬ್ದಕ್ಕಿಂತ ಕಡಿಮೆಯಿರುವುದಿಲ್ಲ.” ದೊಡ್ಡ ಕೆಮ್ಮು. “ಸದರಿಯವರು ಬಾಗಿಲನ್ನು ಮುಚ್ಚುವುದಿಲ್ಲ, ಬಡಿಯುತ್ತಾರೆ.”

ಮೈಯೆಲ್ಲ ಉರಿದುಹೋಯಿತು. ಪಾತ್ರೆ ಕುಕ್ಕುವವನು ಅವನು, ಬಾಗಿಲು ಬಡಿಯುವವನು ಅವನು. ಇದು ನೂರಕ್ಕೆ ನೂರು ಸುಳ್ಳೆಂದು ಬರೆದುಕೊಳ್ಳಿ ಎಂದೆ. ಗುಮಾಸ್ತರು ನೀರು ಕುಡಿದು ಗೋಡೆಗೇ ಹೇಳಿದರು:

“ಯಾರ ಬಗ್ಗೆ ಹೇಳಿದಾರೋ ನನಗೆ ಗೊತ್ತಿಲ್ಲ ಮೇಡಂ. ಅದು ನೀವೇ ಅಂತ ನೀವು ಒಪ್ಕೊಂಡ್ರೆ ಅದೂ ವೈಯಕ್ತಿಕ ಮಾಹಿತಿ ಆಗುತ್ತೆ, ಫೈಲಿಗೆ ಸೇರಿಸ್ಬೇಕಾಗುತ್ತೆ.”

ತುಟಿ ಪಿಟಿಕ್ಕೆನ್ನದೆ ಎದ್ದು ಬಂದೆ.

ಸೆಪ್ಟೆಂಬರ್ 6, ಶುಕ್ರವಾರ

ಬೆಳಿಗ್ಗೆ ಪಾತ್ರೆ ಇಡುವಾಗ ನನ್ನ ಕೈಯನ್ನೇ ನೋಡಿದೆ. ಕುಕ್ಕಿತು. ಕಲ್ಲಿನ ಕಟ್ಟೆ, ಸದ್ದಾಗದೆ ಇರುತ್ತದೆಯೇ. ಹಳೆಯ ಟವೆಲ್ಲೊಂದನ್ನು ಮಡಿಸಿ ಹಾಸಿದೆ. ಅವನಿಗೋಸ್ಕರ ಅಲ್ಲ. ಸಮಿತಿಯ ಮುಂದೆ ಅವನ ಮಾತು ಸುಳ್ಳಾಗಬೇಕು, ಅದಕ್ಕೆ.

ಸೆಪ್ಟೆಂಬರ್ 12, ಗುರುವಾರ

ಎರಡನೆಯ ಪುಟ. ಗುಮಾಸ್ತರಿಗೆ ನಿಜವಾದ ನೆಗಡಿಯಾಗಿದೆ. ಯಾವುದು ಗುಟ್ಟು, ಯಾವುದು ನೆಗಡಿ ಎಂದು ಗೊತ್ತಾಗದೆ ಮಧ್ಯೆ ಮಧ್ಯೆ ಕೇಳಬೇಕಾಯಿತು. ಸೀನಿದ್ದು ಲೆಕ್ಕಕ್ಕಿಲ್ಲ ಎಂದರು.

ಸಹನಿವಾಸಿಯು ಗೇಟಿನಲ್ಲಿ ಎದುರಾದರೆ ಮುಖ ತಿರುಗಿಸಿ ನಿಲ್ಲುತ್ತಾರಂತೆ. ತಾನು ಹಿಡಿದದ್ದೇ ಹಟವಂತೆ. ಆಮೇಲೆ ಒಂದು ಮಾತು ಬಂತು. ಹೋದ ವರ್ಷ ಹೇಳಿಕೆದಾರರು ನಾಲ್ಕು ದಿನ ಜ್ವರ ಬಂದು ಮಲಗಿದ್ದಾಗ, ಬದುಕಿದ್ದಾರೋ ಇಲ್ಲವೋ ಎಂದು ಸಹನಿವಾಸಿಯು ಗೋಡೆ ತಟ್ಟಿ ಸಹ ಕೇಳಲಿಲ್ಲ.

ಇದು ನನಗೆ ಗೊತ್ತೇ ಇರಲಿಲ್ಲ. ಹೋದ ವರ್ಷ ನನಗೂ ನಾಲ್ಕು ದಿನ ಜ್ವರ ಬಂದಿತ್ತು. ಇಬ್ಬರಿಗೂ ಒಟ್ಟಿಗೇ ಬಂದಿತ್ತೋ ಏನೋ. ಆ ನಾಲ್ಕು ದಿನವೂ ನಾನು ಮಲಗಿದಲ್ಲಿಂದಲೇ ಅವನನ್ನು ಬೈಯುತ್ತಿದ್ದೆ, ಕಲ್ಲಿನಂಥವನು, ಒಂದು ಲೋಟ ನೀರು ಬೇಕಾ ಎಂದು ಕೇಳಲಿಲ್ಲ ಎಂದು. ಆಚೆ ಕಡೆ ಅವನೂ ಹಾಗೇ ಬಿದ್ದುಕೊಂಡಿದ್ದನೆಂದು ಯಾರಿಗೆ ಗೊತ್ತು. ಪಾಪ ಎನ್ನಿಸಿತು. ಆದರೂ ಮನೆ ಕಳೆಯುವಷ್ಟು ಸಿಟ್ಟೇ?

ಸೆಪ್ಟೆಂಬರ್ 15, ಭಾನುವಾರ

ಗೇಟಿನಲ್ಲಿ ಎದುರಾದ. ಮುಖ ತಿರುಗಿಸಲಿಲ್ಲ ನಾನು. ಆರು ವರ್ಷದ ಮೇಲೆ ಸರಿಯಾಗಿ ನೋಡಿದೆ. ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿದೆ. ಕನ್ನಡಕದ ಬಲಗಡೆಯ ಕಡ್ಡಿಗೆ ದಾರ ಸುತ್ತಿಕೊಂಡಿದ್ದಾನೆ, ಕನ್ನಡಕದ ಅಂಗಡಿಯವಳ ತಮ್ಮ. ತಲೆಯನ್ನು ಒಂದು ಕೂದಲೆಳೆಯಷ್ಟು ಆಡಿಸಿದೆ. ಅವನು ಗಾಬರಿಯಾಗಿ ಕೈಯಲ್ಲಿದ್ದ ಬಣ್ಣದ ಡಬ್ಬ ಬೀಳಿಸಿದ.

ಇನ್ನೊಂದು ವಿಷಯ. ಬೆಳಿಗ್ಗೆ ಬೊಬ್ಬೆ ಹೊಡೆಯುತ್ತಿದ್ದ ಅವನ ರೇಡಿಯೋ ಒಂದು ವಾರದಿಂದ ಬಾಯಿ ಮುಚ್ಚಿದೆ. ಬೈಕನ್ನು ಬೀದಿಯ ಕೊನೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡುತ್ತಾನೆ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಳಗೆ ಸಾಗಿಸುವುದನ್ನೂ ಕಂಡೆ. ಗಂಟುಮೂಟೆ ಕಟ್ಟುತ್ತಿದ್ದಾನೆ. ಹೋಗುವವನಿಗೆ ರೇಡಿಯೋ ಯಾಕೆ ಬೇಕು.

ಸೆಪ್ಟೆಂಬರ್ 19, ಗುರುವಾರ

ಮೂರನೆಯ ಪುಟ, ಒಂಬತ್ತನೆಯ ಪ್ರಶ್ನೆ. ಇಲ್ಲೇ ವಾಸವನ್ನು ಮುಂದುವರಿಸಲು ಬಯಸುತ್ತೀರಾ ಎಂಬುದು ಪ್ರಶ್ನೆ.

“ಸದರಿ ಸಹನಿವಾಸಿಯ ಪಕ್ಕದಲ್ಲಿ ಇನ್ನು ಒಂದು ದಿನವೂ ವಾಸಿಸಲು ಸಾಧ್ಯವಿರುವುದಿಲ್ಲ. ಆದ್ದರಿಂದ,” ಎಂದು ಓದಿ ಗುಮಾಸ್ತರು ಕೆಮ್ಮಲು ಹಿಡಿದರು. ಉದ್ದದ ಕೆಮ್ಮು. ಕಣ್ಣಲ್ಲಿ ನೀರು ಬಂತೆಂದು ಕಾಣುತ್ತದೆ, ಕರ್ಚೀಫು ತೆಗೆದರು.

ಆದ್ದರಿಂದ ಏನು ಎಂದು ಕೇಳಿದೆ. ಅದೇ ಈಗ ಕೆಮ್ಮಿದ್ದು ಎಂದರು.

ಎರಡನೆಯ ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಿಟಕಿ ಮುಚ್ಚಿದರು, ಧೂಳು ಬಿತ್ತೆಂದು ತಿಳಿದು. ಅವನು ಮನೆ ಬಿಡುವುದು ರೈಲಿನಿಂದಾಗಿ ಅಲ್ಲ, ನನ್ನಿಂದಾಗಿ. ರೈಲಿನ ಸದ್ದಿಗಾದರೆ ಕಿಟಕಿ ಹಾಕಿಸಬಹುದು. ನನಗೆ ಏನು ಹಾಕಿಸುತ್ತಾರೆ?

ಸೆಪ್ಟೆಂಬರ್ 20, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಬಾಗಿಲನ್ನು ಮುಚ್ಚಿದೆ, ಬಡಿಯಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಪ್ರತಿ ಮಂಗಳವಾರ ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಲ್ಲಿಗೋ ಹೋಗುತ್ತಾನೆ. ದಿನಸಿ ಅಂಗಡಿಯವನು, ನಿಮ್ಮ ತಮ್ಮ ಎಲ್ಲಿಗೆ ಹೋಗ್ತಾರೆ, ಹೆಣ್ಣು ನೋಡೋಕಾ ಎಂದು ಮೂಗು ತೂರಿಸಿದ. ನಿನಗ್ಯಾಕೆ ಎಂದೆ. ಬೇರೆ ದಿನವಾಗಿದ್ದರೆ ನಾನೇ ನಾಲ್ಕು ಮಾತು ಸೇರಿಸುತ್ತಿದ್ದೆನೋ ಏನೋ. ಇವತ್ತು ತಲೆನೋವು.

ಈಗ ಮನೆಯೊಳಗೆ ಚಪ್ಪಲಿ ಹಾಕುವುದನ್ನು ಬಿಟ್ಟಿದ್ದೇನೆ. ನಲ್ಲಿಗೆ ಬಟ್ಟೆ ಕಟ್ಟಿದ್ದೇನೆ, ನೀರು ಸದ್ದಿಲ್ಲದೆ ಬಕೆಟ್ಟಿಗೆ ಇಳಿಯುತ್ತದೆ. ಸೀನು ಬಂದರೆ ತಲೆದಿಂಬಿಗೆ ಸೀನುತ್ತೇನೆ. ಆಚೆ ಕಡೆಯೂ ಹಾಗೇ, ಪಿಸುಮಾತಿಲ್ಲ. ಐದೂವರೆಗೆ ಏಳುತ್ತಾನೆ, ಕೂರುವಾಗ ಎಡಮಂಡಿ ನೋಯುತ್ತದೆ, ಉಸಿರು ಬಿಡುವುದರಲ್ಲೇ ಗೊತ್ತಾಗುತ್ತದೆ. ನಿನ್ನೆ ಐದೂ ನಲವತ್ತಾದರೂ ಏಳಲಿಲ್ಲ. ಗೋಡೆ ತಟ್ಟಲು ಕೈ ಎತ್ತಿದೆ, ಅಷ್ಟರಲ್ಲಿ ಎದ್ದ.

ಈ ಪುಸ್ತಕದಲ್ಲಿ ಮೊದಲ ದಿನ ಒಂದೂವರೆ ಗಂಟೆ ಎಂದು ಬರೆದಿದ್ದೇನೆ. ಒಂದು ಗಂಟೆ ಇದ್ದಿರಬಹುದು. ಮುಕ್ಕಾಲು ಎಂದರೂ ನಡೆದೀತು. ಆ ಹೊತ್ತಿನಲ್ಲಿ ಗಡಿಯಾರ ನೋಡುತ್ತಾ ಕೂತವರು ಯಾರು.

ಸೆಪ್ಟೆಂಬರ್ 30, ಸೋಮವಾರ

ಸದ್ದು ಅಳೆಯುವವರು ಯಂತ್ರ ತಂದಿದ್ದರು. ರೈಲು ಬಂದಾಗ ಎಷ್ಟು ಸದ್ದು, ಬಾರದಾಗ ಮನೆಯವರದೇ ಎಷ್ಟು ಎಂದು ನೋಡಿ ಒಂದರಿಂದೊಂದು ಕಳೆಯಬೇಕಂತೆ. ಅಡ್ಡ ಗೋಡೆಯ ಬುಡದಲ್ಲಿ ಯಂತ್ರ ಇಟ್ಟು ಒಂದು ಗಂಟೆ ಕೂತರು. ರೈಲು ಬಂದಾಗ ಮುಳ್ಳು ಹಾರಿತು. ಹೋದ ಮೇಲೆ ಬಿದ್ದುಕೊಂಡಿತು, ಮಿಸುಕಲೇ ಇಲ್ಲ. ಯಂತ್ರ ಕೆಟ್ಟಿದೆಯೆಂದು ತಿಳಿದು ಅದರ ತಲೆ ಮೇಲೆ ಎರಡು ಸಲ ತಟ್ಟಿದರು. ನಾನು ಉಸಿರು ಬಿಗಿ ಹಿಡಿದಿದ್ದೆ. ಆಚೆ ಅವನೂ ಹಿಡಿದಿದ್ದನೆಂದು ಕಾಣುತ್ತದೆ.

“ನಾನು ಸ್ಮಶಾನದಲ್ಲೂ ಅಳ್ದಿದೀನಿ ಮೇಡಂ,” ಎಂದರು. “ಅಲ್ಲಿ ಇದಕ್ಕಿಂತ ಜಾಸ್ತಿ ಇತ್ತು.”

ಆಚೆ ಭಾಗದಲ್ಲಿ ಯಾರೂ ವಾಸವಿಲ್ಲ ಎಂಬ ಅನುಮಾನ ಅವರಿಗೆ. ವಾಸವಿದ್ದಾರೆ ಎಂದೆ. ಹಾಗಾದರೆ ವಿವರ ಹೇಳಿ, ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ಹೊತ್ತಿಗೆ ಮಲಗುತ್ತಾರೆ, ಕಾಯಿಲೆ ಕಸಾಲೆ ಏನಾದರೂ ಇದೆಯೇ ಎಂದು ಪೆನ್ನು ತೆಗೆದರು. ನನಗೆ ಎಲ್ಲ ಗೊತ್ತು. ಆದರೆ ಆ ಮಂಡಿಯ ವಿಷಯ ಇವರಿಗೆ ಯಾಕೆ? ಅದು ಅವನ ವಿಷಯ, ಅವನನ್ನೇ ಕೇಳಿ ಎಂದೆ. ಬಲಭಾಗದವರು ಮಾಹಿತಿ ನಿರಾಕರಿಸಿದರು ಎಂದು ಬರೆದುಕೊಂಡರು.

ನಾನು ಎಡಭಾಗ ಎಂದು ತಿದ್ದಿದೆ. ಅವರು ನನ್ನನ್ನು ಕಿಟಕಿಯ ಬಳಿ ಕರೆದು, ನನ್ನ ಪಾಲಿನ ಕದದ ಸಂದಿಯಿಂದ ಹೊರಗೆ ಕೈ ತೋರಿಸಿದರು.

“ನಾವು ಅಳ್ಯೋದು ಹಳಿ ಮೇಲೆ ನಿಂತು. ರೈಲು ಬೀದಿ ಕಡೆಯಿಂದ ಬರಲ್ಲವಲ್ಲ. ಅಲ್ಲಿಂದ ನೋಡಿದ್ರೆ ನಿಮ್ದು ಬಲಭಾಗ, ಪಕ್ಕದವರದು ಎಡ. ಫೈಲೆಲ್ಲಾ ಹಾಗೇ ಇರೋದು.”

ಅವರು ಹೋದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮೂರು ಗುರುವಾರ ಗುಮಾಸ್ತರು ಕೆಮ್ಮಿ ಕೆಮ್ಮಿ ಓದಿದ್ದು ನನ್ನದೇ ಹೇಳಿಕೆ. ಪಾತ್ರೆ ಕುಕ್ಕುವವನು, ಬಾಗಿಲು ಬಡಿಯುವವನು, ಮುಖ ತಿರುಗಿಸುವವನು ಎಂದು ನಾನು ಅವನ ಬಗ್ಗೆ ಹೇಳಿದ್ದನ್ನು ಅವನು ನನ್ನ ಬಗ್ಗೆ ಹೇಳಿದ್ದೆಂದು ತಿಳಿದು ನಾನೇ ತಿದ್ದಿಕೊಂಡೆ. ಆ ನಾಲ್ಕು ದಿನದ ಜ್ವರವೂ ನನ್ನದೇ. ನಗು ಬಂತು. ಒಂಬತ್ತನೆಯ ಪ್ರಶ್ನೆ ನೆನಪಾಗಿ ನಗು ನಿಂತಿತು.

ಅಕ್ಟೋಬರ್ 3, ಗುರುವಾರ

ಸ್ವಂತ ಫೈಲನ್ನು ಸ್ವತಃ ಓದಬಹುದು. ಅದಕ್ಕೆ ಬೇರೆ ಅರ್ಜಿ, ಬೇರೆ ಕಿಟಕಿ. ಆದರೆ ಕೊಟ್ಟವರು ಅದೇ ಗುಮಾಸ್ತರು, ಅದೇ ಕಪಾಟಿನಿಂದ. ಇವತ್ತು ಗಂಟಲಿಗೆ ವಿಶ್ರಾಂತಿ ಎಂದು ಖುಷಿಯಾಗಿದ್ದರು.

ಕೆಳಗೆ ನನ್ನ ಸಹಿ. ಒಂಬತ್ತನೆಯ ಉತ್ತರ ಪೂರ್ತಿ ಓದಿದೆ: ಆದ್ದರಿಂದ ಕಟ್ಟಡವನ್ನು ಸ್ವಾಧೀನಪಡಿಸಿಕೊಳ್ಳಬೇಕಾಗಿ ಕೋರಿರುತ್ತಾರೆ. ನಾನು ಅಂದದ್ದು ಈಗ ನೆನಪಾಗುತ್ತಿದೆ. ಈ ಮನುಷ್ಯನ ಪಕ್ಕ ಒಂದು ದಿನವೂ ಇರಲಾರೆ, ಏನಾದರೂ ಮಾಡಿ ಎಂದಿದ್ದೆ. ಏನಾದರೂ ಮಾಡಿ ಎಂದವಳಿಗೆ ಅವರು ಇದನ್ನು ಮಾಡಿದ್ದಾರೆ. ಓದದೆ ಸಹಿ ಹಾಕಿದವಳು ನಾನು. ಮನೆ ಕಳೆಯಲು ಹೊರಟವಳು ನಾನು.

ಹೇಳಿಕೆಯನ್ನು ವಾಪಸು ಪಡೆಯಲು ಒಂದು ಫಾರಂ ಇದೆ. ಹದಿನೈದರೊಳಗೆ ಕೊಡಬೇಕು. ಸಹನಿವಾಸಿಯ ಸಹಿ ಕಡ್ಡಾಯ.

ಅಕ್ಟೋಬರ್ 5, ಶನಿವಾರ

ನನ್ನ ಬಾಗಿಲಿನಿಂದ ಅವನ ಬಾಗಿಲಿಗೆ ಒಂಬತ್ತು ಹೆಜ್ಜೆ. ಅಷ್ಟು ದೂರ ಹೋಗಲು ಎರಡು ದಿನ ಬೇಕಾಯಿತು. ಬೆಳಿಗ್ಗೆ ಫಾರಂ ಹಿಡಿದು ಹೋದೆ. ಬಾಗಿಲು ತೆಗೆದೇ ಇತ್ತು. ಒಳಗೆ ಬಣ್ಣದ ಡಬ್ಬಗಳು, ಕುಂಚಗಳು, ಅಮ್ಮನ ಹಾಸಿಗೆ, ಎಲ್ಲ ಪೆಟ್ಟಿಗೆಯಲ್ಲಿ ತುಂಬಿ ಹಗ್ಗ ಬಿಗಿದಿತ್ತು. ಕೂರಲು ಜಾಗವಿರಲಿಲ್ಲ. ಒಂದು ಪೆಟ್ಟಿಗೆಯ ಮೇಲೆ ಕೂತೆ.

ಎಲ್ಲಿಗೆ ಹೊರಟಿದ್ದೀಯ ಎಂದು ಕೇಳಿದೆ. ಆರು ವರ್ಷದ ಮೇಲೆ ಆಡಿದ ಮೊದಲ ಮಾತು, ಅದೂ ಜೋರು ಮಾಡಿದ ಹಾಗೆ ಬಂತು.

“ನೀನು ಹೋಗ್ಬೇಕು ಅಂದ್ಯಲ್ಲ ಅಕ್ಕ,” ಎಂದ. “ಕಾಗದ ಬಂದ ದಿನಾನೇ ಗೊತ್ತಾಯ್ತು. ಇರ್ತೀನಿ ಅಂದವನು ನಾನು. ಇನ್ನೊಬ್ರು ಅಂದ್ರೆ ಯಾರು, ನೀನೇ. ಅಷ್ಟು ಬೇಜಾರಾಗಿದ್ರೆ ಯಾಕೆ ಅಡ್ಡ ಬರಲಿ ಅಂತ ಕಟ್ಟಿಟ್ಟೆ.”

ಹಳಿ, ಬೀದಿ, ಎಡ, ಬಲ, ಏನಾದರೂ ಮಾಡಿ ಎಂದದ್ದು, ಎಲ್ಲವನ್ನೂ ತಲೆಕೆಳಗಾಗಿ ಹೇಳಿದೆ. ಅವನು ಕೇಳಿಸಿಕೊಂಡ. ಅವನೂ ಮಂಗಳವಾರ ಮಂಗಳವಾರ ಅದೇ ಗುಮಾಸ್ತರ ಬೆನ್ನಿನ ಹಿಂದೆ ಕೂತು, ನನ್ನದೆಂದು ತಿಳಿದು ಎಡಭಾಗದ ಫೈಲು ಕೇಳಿದ್ದಾನೆ. ಅವನದೇ ಫೈಲೆಂದು ಮೊದಲನೆಯ ಮಂಗಳವಾರವೇ ತಿಳಿಯಿತಂತೆ. ಅಕ್ಕ, ಮೂರು ವಾರ ಕೇಳಿದರೂ ನಿನ್ನ ಮಾತು ನಿನಗೆ ಗುರುತು ಸಿಗಲಿಲ್ಲವಾ ಎಂದು ಕೇಳಿದ. ಗೊತ್ತಾದ ಮೇಲೂ ನೀನು ಯಾಕೆ ಹೋಗುತ್ತಿದ್ದೆ ಎಂದು ನಾನೂ ಬಿಡಲಿಲ್ಲ.

“ನನ್ನ ಮಾತನ್ನೇ ಬೇರೆಯವರ ಬಾಯಲ್ಲಿ ಕೇಳ್ತಿದ್ರೆ ಬೇರೆ ಥರ ಇತ್ತು. ಇಷ್ಟೆಲ್ಲ ಹೇಳಿರೋ ಮನುಷ್ಯನ ಪಕ್ಕ ಯಾರು ತಾನೇ ಇರ್ತಾರೆ ಅನ್ನಿಸ್ತು.”

ಆಗ ಹೇಳಿದೆ. ಫಾರಂ ಮಡಿಲಲ್ಲಿತ್ತು, ಅದನ್ನೇ ನೋಡುತ್ತಾ ಹೇಳಿದೆ.

“ಆವತ್ತು ಡಾಕ್ಟರು ಮನೇಲಿರಲಿಲ್ಲ. ನೀನು ಅವರ ಬಾಗಿಲಲ್ಲೇ ಕಾಯ್ತಾ ನಿಂತಿದ್ದೆ. ಅವರೇ ನಮ್ಮ ಮನೆ ಮೆಟ್ಟಿಲ ಮೇಲೆ ನನಗೆ ಹೇಳಿದ್ರು. ಹನ್ನೊಂದು ಜನದ ಮುಂದೆ ನಿನ್ನನ್ನ ಅಂದಾಗ ನನಗೆ ಗೊತ್ತಿತ್ತು.”

ರೈಲು ಬಂತು. ಪೆಟ್ಟಿಗೆಗಳೆಲ್ಲ ನಡುಗಿದವು. ಅದು ಹೋದ ಮೇಲೆ ಅವನು ದಾರ ಸುತ್ತಿದ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ, ಮತ್ತೆ ಹಾಕಿಕೊಂಡ. ನಾನು ಕಾದೆ. ಅವನು ನನ್ನನ್ನು ಎಬ್ಬಿಸಿ ಕಳಿಸಿಬಿಟ್ಟರೆ ಆಗ ಮನೆಯೂ ಇಲ್ಲ, ತಮ್ಮನೂ ಇಲ್ಲ. ಹಾಗೆ ಮಾಡಿದ್ದರೂ ನಾನು ಏನನ್ನೂ ಕೇಳುವ ಹಾಗಿರಲಿಲ್ಲ.

ಕೈ ಚಾಚಿ ಫಾರಂ ತೆಗೆದುಕೊಂಡ. ಸಹಿ ಹಾಕಿದ. ವಾಪಸು ಪಡೆಯಲು ಕಾರಣ ಎಂಬಲ್ಲಿ ಖಾಲಿ ಇತ್ತು. ಈಗ ಹೇಳಿದ್ದನ್ನೇ ಬರಿ ಎಂದೆ, ಹನ್ನೊಂದು ಜನರ ಮುಂದೆ ಅಂದವಳು ಕಚೇರಿಯ ಮುಂದೆ ಒಪ್ಪಿಕೊಳ್ಳಬೇಕಾದದ್ದು ನ್ಯಾಯ. ಅವನು ಬೋರ್ಡು ಬರೆಯುವ ಹಾಗೆ ದುಂಡಗೆ ‘ಸ್ವಂತ ವಿಷಯ’ ಎಂದು ಬರೆದ.

“ಅಷ್ಟು ಸಾಕು ಅವರಿಗೆ,” ಎಂದ. “ಮಿಕ್ಕಿದ್ದು ಯಾರಿಗೂ ಬೇಡ.”

ಆಮೇಲೆ ಪೆಟ್ಟಿಗೆಯ ಹಗ್ಗ ಬಿಚ್ಚುತ್ತಾ, ಆವತ್ತು ಡಾಕ್ಟರಿಗಾಗಿ ಓಡುವ ಮುಂಚೆ ಅಮ್ಮ ಅವನ ಕಿವಿಯಲ್ಲಿ ಹೇಳಿದ್ದ ಒಂದು ಮಾತನ್ನು ಹೇಳಿದ. ಆರು ವರ್ಷ ಒಬ್ಬನೇ ಇಟ್ಟುಕೊಂಡಿದ್ದ. ಅದು ನನ್ನ ಬಗ್ಗೆ ಹೇಳಿದ ಮಾತು. ಅದನ್ನು ಇಲ್ಲಿ ಬರೆಯುವುದಿಲ್ಲ.